ದಾಟಿಸದ ಕೂಗು

ನನ್ನ ತಮ್ಮ ಕೂ ಹಾಕಿದ. ನನಗೆ ಕೇಳಿಸಿತು. ನಾನು ಅದನ್ನು ಪಕ್ಕದವನಿಗೆ ದಾಟಿಸಲಿಲ್ಲ.

ಮಲಯಾ ದೇಶ ನೋಡಿ ಬಂದವನು ಇದನ್ನು ಮೊದಲು ಯಾಕೆ ಬರೆಯುತ್ತಾನೆ ಎಂದು ಓದುವವರಿಗೆ ಅನ್ನಿಸಬಹುದು. ನಮ್ಮೂರ ಮೇಷ್ಟ್ರು ಕಾಗದ ಕೊಟ್ಟು, "ಲಿಂಗದಹಳ್ಳಿ ಕಡೆಯಿಂದ ಹಡಗು ಹತ್ತಿದೋನು ನೀನೊಬ್ನೇ ಕಣೋ ರಂಗಪ್ಪ, ಕಂಡಿದ್ದನ್ನ ಬರಿ" ಎಂದರು. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಗರಗಸ ಹಿಡಿದವನು. ಬರೆಯಲು ಕೂತರೆ ಹಡಗಿಗಿಂತ ಮೊದಲು ಆ ಗುಡ್ಡವೇ ಕಣ್ಣಿಗೆ ಬರುತ್ತದೆ. ಅದನ್ನು ಹೇಳದೆ ಮಲಯಾದ ಕಥೆ ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ.

ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮೂರ ಗಂಡಸರು ಹಂದಿ ಬೇಟೆಗೆ ಹೋಗುತ್ತಿದ್ದರು. ಕೋವಿ ಇದ್ದವರು ಗುಡ್ಡದ ಒಂದು ಮಗ್ಗುಲಿಗೆ ಸಾಲಾಗಿ ಅಡಗಿ ಕೂರಬೇಕು. ಉಳಿದವರು ಆಚೆ ಕಡೆಯಿಂದ ತಮಟೆ ಬಡಿಯುತ್ತಾ ಹಂದಿಗಳನ್ನು ಅಟ್ಟಿಕೊಂಡು ಬರಬೇಕು. ಪೊದೆಯಲ್ಲಿ ಕೂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಒಂದು ಕಟ್ಟುಪಾಡಿತ್ತು. ಕೂತ ಜಾಗ ಬಿಟ್ಟು ಏಳುವವನು ಒಂದು ಕೂ ಹಾಕಬೇಕು. ಕೇಳಿದವನು ಅದನ್ನು ಪಕ್ಕದವನಿಗೆ ಕೂಗಿ ದಾಟಿಸಬೇಕು, ಅವನು ಅವನ ಪಕ್ಕದವನಿಗೆ. ಕೂ ಬಂತೆಂದರೆ ಎಲ್ಲರ ಕೋವಿಯ ಮೂತಿ ನೆಲಕ್ಕೆ.

ಆ ವರ್ಷ ಎಡಕ್ಕೆ ನನ್ನ ತಮ್ಮ ಕೆಂಚ, ನಡುವೆ ನಾನು, ಬಲಕ್ಕೆ ಬಂಡೆಯಾಚೆ ಹಾಲಪ್ಪಣ್ಣ. ಕೆಂಚನ ನಾಯಿ ಕೆಳಗೆ ಹಳ್ಳದಲ್ಲಿ ಹಂದಿಯಿಂದ ತಿವಿಸಿಕೊಂಡು ಅರಚತೊಡಗಿತು. ಅವನು ಕೂ ಹಾಕಿ ಅದರ ಕಡೆ ಇಳಿದ. ಅದೇ ಹೊತ್ತಿಗೆ ನನ್ನ ಎದುರಿಗೆ ಒಂದು ದೊಡ್ಡ ಒಂಟಿ ಹಂದಿ ಬರುತ್ತಿತ್ತು. ನಮ್ಮಲ್ಲಿ ಹೊಡೆದವನಿಗೆ ಹಂದಿಯ ತಲೆ, ಜೊತೆಗೆ ಒಂದು ವರ್ಷದ ಹೆಸರು. ನಾನು ಬಾಯಿ ತೆರೆದರೆ ಅದು ಬೆದರಿ ತಿರುಗುತ್ತದೆ. ಇದೊಂದು ಹಂದಿ ಹತ್ತಿರ ಬರಲಿ, ಆಮೇಲೆ ಕೂಗುತ್ತೇನೆ ಎಂದುಕೊಂಡೆ.

ಬಲಗಡೆಯಿಂದ ಈಡು ಹಾರಿತು. ಹಂದಿ ಓಡಿಹೋಯಿತು. ಹಳ್ಳದಲ್ಲಿ ಅರಚಿದ್ದು ಈ ಸಲ ನಾಯಿಯಲ್ಲ.

ಕೆಂಚ ಬದುಕಿದ. ಬಲಗೈಯ ಮೊಣಗಂಟು ಪುಡಿಯಾಗಿ ಕೈ ಒಣಗಿದ ಕೊಂಬೆಯ ಹಾಗೆ ಸೊಟ್ಟಗೆ ನಿಂತಿತು. ಪಂಚಾಯ್ತಿ ಕೂತಾಗ ಕೇಳಿದ್ದು ಒಂದೇ ಮಾತು. "ಲೇ ರಂಗ, ನಡುವೆ ಕೂತಿದ್ದೋನು ನೀನು. ಕೆಂಚ ಕೂ ಹಾಕಿದ್ನೇನೋ?"

"ನಂಗೆ ಕೇಳಿಸ್ಲಿಲ್ಲ" ಎಂದೆ.

ತಪ್ಪು ಕೆಂಚನದಾಯಿತು, ಕೂ ಹಾಕದೆ ಎದ್ದನೆಂದು. ಹಾಲಪ್ಪಣ್ಣನದೂ ಆಯಿತು, ನೋಡದೆ ಹೊಡೆದನೆಂದು. ಅವನ ಕೋವಿ ಕಿತ್ತುಕೊಂಡರು. ಹುಡುಗರು ಅವನಿಗೆ ಹಂದಿಗಣ್ಣ ಎಂದು ಹೆಸರಿಟ್ಟರು. ಮದುವೆ ಮನೆಗಳಲ್ಲಿ ಅವನ ಪಕ್ಕದ ಎಲೆಗೆ ಯಾರೂ ಕೂರದಾದರು. ಕೊನೆಗೆ ಅವನು ಹೆಂಡತಿಯನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೊರಟುಹೋದ.

ನಾನು ಯಾರ ಬಾಯಿಗೂ ಬರಲಿಲ್ಲ.

ತರೀಕೆರೆ

ಕೆಂಚನೂ ನಾನೂ ತರೀಕೆರೆಯಲ್ಲಿ ಮರ ಕುಯ್ಯುತ್ತಿದ್ದೆವು. ದಿಮ್ಮಿಯ ಮೇಲೆ ನಾನು, ಕೆಳಗಿನ ಗುಂಡಿಯಲ್ಲಿ ಅವನು, ನಡುವೆ ಉದ್ದದ ಗರಗಸ. ಅವನ ಕೈ ಹೋದ ಮೇಲೆ ನನಗೆ ಬೇರೆ ಜೊತೆ ಸಿಕ್ಕಿದ. ಕೆಂಚ ಊರ ದನ ಕಾಯತೊಡಗಿದ.

ನಮಗೆ ಕೆಲಸ ಕೊಡುತ್ತಿದ್ದವರು ಮರದ ವ್ಯಾಪಾರದ ಸಾಹುಕಾರ್ ಮಹಾರುದ್ರಪ್ಪನವರು. ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆ. ಅವರ ಮಗಳು ಗಿರಿಜಮ್ಮನನ್ನು ಮಲಯಾದ ರಬ್ಬರ್ ತೋಟವೊಂದರ ಗುಮಾಸ್ತರಿಗೆ ಕೊಟ್ಟಿದ್ದರು. ಮೊಮ್ಮಗು ಹುಟ್ಟಿತೆಂದು ಕಾಗದ ಬಂದದ್ದೇ ತಡ, ಮುದುಕರು ಹಡಗಿಗೆ ಎದ್ದು ನಿಂತರು. ಕಣ್ಣು ಮಂಜು, ಮಂಡಿ ನೋವು. ಜೊತೆಗೆ ಗಟ್ಟಿ ಆಳು ಬೇಕಿತ್ತು.

"ಮೂಟೆ ನೀನು ಹೊರು, ಅಡಿಗೆ ನಾನು ಮಾಡ್ತೀನಿ" ಎಂದರು. ಹಂದಿ ತಿನ್ನುವವನ ಕೈಯಡಿಗೆ ಅವರಿಗಾಗದು. ಹಾಗಾಗಿ ಹೋಗುವಾಗ ಬರುವಾಗ ಧಣಿ ರೊಟ್ಟಿ ತಟ್ಟುವುದು, ಆಳು ಕೂತು ತಿನ್ನುವುದು, ಹೀಗೇ ನಡೆಯಿತು. ನನ್ನ ಹೆಂಡತಿ ಈಗಲೂ ಇದನ್ನು ನಂಬುವುದಿಲ್ಲ.

ಹೊರಡುವ ದಿನ ಕೆಂಚ ಸ್ಟೇಷನ್ನಿಗೆ ಬಂದಿದ್ದ. ಎಡಗೈಯಲ್ಲಿ ಒಂದು ಗಂಟು ಹುರಿಗಾಳು ಕೊಟ್ಟ.

"ಅಣ್ಣಾ, ಅಲ್ಲೂ ಕಾಡೈತಂತೆ. ಹಂದಿ ಇದ್ರೆ ನೋಡ್ಕಂಡು ಬಾ."

ನಗಲೆಂದೇ ಹೇಳಿದ್ದು. ರೈಲು ಬಿಡುವವರೆಗೂ ನಾನು ಮೂಟೆ ಸರಿಸುವವನ ಹಾಗೆ ಬಗ್ಗಿಕೊಂಡೇ ಇದ್ದೆ.

ಹಡಗು

ಮದರಾಸಿನ ರೇವಿನಲ್ಲಿ ಹಡಗನ್ನು ಕಂಡಾಗ ಅದು ಹಡಗೆಂದು ನನಗೆ ತಿಳಿಯಲಿಲ್ಲ. ಯಾವುದೋ ಕಚೇರಿ ಕಟ್ಟಡ ಎಂದುಕೊಂಡು ಹಡಗೆಲ್ಲಿ ಎಂದು ಹುಡುಕುತ್ತಿದ್ದೆ.

ಸುಂಕದ ಅಧಿಕಾರಿ ಸಾಹುಕಾರರ ಪೆಟ್ಟಿಗೆ ತೆರೆಸಿದ. ವಿಭೂತಿ ಗಟ್ಟಿಗಳನ್ನು ಮೂಸಿದ, ಉಗುರಿನಿಂದ ಕೆರೆದ, ನಾಲಿಗೆಗೂ ಮುಟ್ಟಿಸಿದ.

"ಏನ್ ಮಾಡ್ತಾನೋ ರಂಗ?" ಎಂದರು ಸಾಹುಕಾರರು. ಅವರಿಗೆ ಸರಿಯಾಗಿ ಕಾಣದು.

"ತಿಂತಾವ್ನೆ ಸ್ವಾಮಿ."

"ಪಾಪ, ಹಸ್ದಿರ್ಬೇಕು. ಒಂದು ಗಟ್ಟಿ ಕೊಟ್ಬಿಡು."

ಡೆಕ್ಕಿನ ಮೇಲೆ ತಮಿಳಿನ ಕೂಲಿ ಸಂಸಾರಗಳು ಚಾಪೆ ಹಾಸಿ ಊರು ಕಟ್ಟಿದ್ದವು. ಸಾಹುಕಾರರು ಹಡಗಿನ ಅಡಿಗೆಯವನ ಕೈಕಾಲು ಹಿಡಿದು ಒಂದು ಒಲೆ ಗಿಟ್ಟಿಸಿಕೊಂಡರು. ಅಲೆ ಎದ್ದಾಗ ಕಾವಲಿಯ ಮೇಲಿನ ರೊಟ್ಟಿ ತಾನಾಗಿಯೇ ಮಗುಚಿಕೊಳ್ಳುತ್ತಿತ್ತು. "ನೋಡೋ, ಸಮುದ್ರ ಎಷ್ಟು ಉಪಕಾರಿ" ಎನ್ನುತ್ತಿದ್ದರು. ನನಗೆ ಹೊಟ್ಟೆ ತೊಳಸಿ ಎರಡು ದಿನ ನೆಲ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಕಣ್ಣು ಮುಟ್ಟುವಷ್ಟು ದೂರಕ್ಕೂ ಒಂದು ಗಿಡವಿಲ್ಲ. ಅಡಗಲು ಒಂದು ಪೊದೆಯೂ ಇಲ್ಲದ ಜಾಗ ಪ್ರಪಂಚದಲ್ಲಿದೆ ಎಂದು ಅವತ್ತೇ ಗೊತ್ತಾದದ್ದು.

ಒಂದು ಸಂಜೆ ಸಾಹುಕಾರರು ಕೇಳಿದರು. "ನಿನ್ನ ತಮ್ಮ ಒಳ್ಳೆ ಕೆಲಸಗಾರ ಕಣಪ್ಪ. ಅವನ್ಯಾಕೆ ಕೂ ಹಾಕ್ದೇ ಎದ್ದ?"

"ಹುಡುಗ್ ಬುದ್ಧಿ ಸ್ವಾಮಿ" ಎಂದೆ.

ಊರು ಬಿಟ್ಟು ಸಮುದ್ರದ ನಡುವೆ ಬಂದಿದ್ದೆ. ಕೇಳುವ ಪಂಚಾಯ್ತಿ ಇರಲಿಲ್ಲ. ಅಲ್ಲೂ ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಇಳಿಯಿತಲ್ಲ ಎಂದು ನನಗೇ ದಿಗಿಲಾಯಿತು.

ಪಿನಾಂಗು

ಪಿನಾಂಗಿನ ಬೀದಿಯಲ್ಲಿ ನಾನು ಸಾಹುಕಾರರನ್ನು ಕೆಳಕ್ಕೆ ಕೆಡವಿದೆ.

ರೇವಿನಿಂದ ಪೇಟೆಗೆ ನಡೆಯುತ್ತಿದ್ದೆವು. ಗೋಡೆಯ ಮೇಲೆಲ್ಲ ಓದಲಾಗದ ಅಕ್ಷರ, ತೋರಣದ ಹಾಗೆ ತೂಗಿದ ಬಾತುಕೋಳಿ, ಪೈಜಾಮದಲ್ಲೇ ಬೀದಿಗೆ ಬಂದ ಹೆಂಗಸರು. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಕಿವಿಯ ಪಕ್ಕದಲ್ಲೇ ಢಮಾರೆಂದಿತು, ಹಿಂದೆಯೇ ಇನ್ನೊಂದು, ಮತ್ತೊಂದು. ನಾನು ಮೂಟೆ ಬಿಸಾಡಿ, ಮುದುಕರನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದು, ಅವರ ಮೇಲೆ ಕವುಚಿಕೊಂಡು "ಕೂ, ಕೂ, ಕೂ" ಎಂದು ಅರಚಿದೆನಂತೆ. ಅರಚಿದ್ದು ನನಗೆ ನೆನಪಿಲ್ಲ.

ಯಾರೋ ಚೀನೀಯವರು ಹೊಸ ಅಂಗಡಿ ತೆರೆದು ಪಟಾಕಿ ಸರ ಹಚ್ಚಿದ್ದರು. ಹೊಗೆ ಕರಗಿದಾಗ ಬೀದಿಗೆ ಬೀದಿಯೇ ನಿಂತು ನಮ್ಮನ್ನು ನೋಡುತ್ತಿತ್ತು. ಅಂಗಡಿಯವನು ಓಡಿಬಂದು ಕೈಹಿಡಿದು ಎಬ್ಬಿಸಿದ, ಎರಡು ಕಿತ್ತಳೆ ಹಣ್ಣು ಕೊಟ್ಟು ಬಗ್ಗಿ ಬಗ್ಗಿ ನಮಸ್ಕರಿಸಿದ. ಕೆಡವಿದವನಿಗೂ ಹಣ್ಣು ಕೊಡುವ ಜನ.

ಸಾಹುಕಾರರು ಪಂಚೆ ಕೊಡವಿಕೊಂಡರು. ಬಯ್ಯಲಿಲ್ಲ. "ನಿಂಗ್ಯಾಕಪ್ಪಾ ಈಡಿಗೆ ಅಷ್ಟು ಹೆದ್ರಿಕೆ? ಗುಂಡು ಬಿದ್ದಿದ್ದು ನಿನ್ನ ತಮ್ಮನಿಗಲ್ವಾ?" ಎಂದರು.

ನಾನು ಚೆಲ್ಲಿದ ರಾಗಿಹಿಟ್ಟು ಗೋರುವುದಕ್ಕೆ ಕೂತೆ.

ರಬ್ಬರ್ ತೋಟ

ಅಳಿಯಂದಿರು ಲಾರಿ ತಂದಿದ್ದರು. ದಾರಿ ಉದ್ದಕ್ಕೂ ಒಂದೇ ಜಾತಿಯ ಮರ, ಬಾಚಿದ ತಲೆಯ ಹಾಗೆ ಸಾಲು ಸಾಲು. ಮರ ಕುಯ್ಯುವವನಾದ ನನಗೆ ಅದು ಸರಿಹೋಗಲಿಲ್ಲ. ನಮ್ಮ ಕಡೆಯ ಹೆಬ್ಬೆಯ ಕಾಡಿನಲ್ಲಿ ಎರಡು ಮರ ಒಂದೇ ತರ ನಿಲ್ಲುವುದಿಲ್ಲ. ರಕ್ತ ಹೀರುವ ಇಂಬಳಗಳು ಮಾತ್ರ ಹೆಬ್ಬೆಯವೇ ಎನ್ನುವ ಹಾಗಿದ್ದವು. ಲಾರಿಯಿಂದ ಕಾಲಿಟ್ಟ ಕೂಡಲೇ ಗುರುತು ಹಿಡಿದವರಂತೆ ಹತ್ತಿಕೊಂಡವು.

ಕೂಲಿಗಳು ನಸುಕಿಗೇ ಎದ್ದು ಮರದ ತೊಗಟೆಯನ್ನು ಓರೆಯಾಗಿ ಕೆತ್ತುತ್ತಾರೆ. ಗಾಯದಿಂದ ಹಾಲು ತೊಟ್ಟಿಕ್ಕಿ ಕೆಳಗೆ ಕಟ್ಟಿದ ಬಟ್ಟಲಿಗೆ ಬೀಳುತ್ತದೆ. ಮರಕ್ಕೊಂದು ಬಟ್ಟಲು. ಹಾಲೆಂದು ಮೂಸಿ ನೋಡಿದೆ, ಒಂದು ವಾರ ಮಜ್ಜಿಗೆ ಕುಡಿಯಲಾಗಲಿಲ್ಲ.

ಗಿರಿಜಮ್ಮ ತವರಿನ ಮಾತಿಗೆ ಹಸಿದಿದ್ದರು. ಅಪ್ಪನ ಜೊತೆ ಮುಗಿದ ಮೇಲೆ ನನ್ನ ಜೊತೆ. "ರಂಗಪ್ಪಣ್ಣ, ಕಡೂರು ಸಂತೇಲಿ ಯಗಟಿಯೋರು ಈಗ್ಲೂ ಹಂಗೇ ಜಗಳ ಆಡ್ಕೊಂಡು ಕುರಿ ಮಾರ್ತಾರಾ? ತರೀಕೆರೆ ರೈಲು ಈಗ್ಲೂ ತಡವಾ?" ತಡ ಎಂದರೆ ಖುಷಿಯಾಗುತ್ತಿದ್ದರು.

ನಾವು ಹೋಗಿ ಕೆಲವು ವಾರಗಳಾಗಿತ್ತು. ಒಂದು ಬೆಳಿಗ್ಗೆ ತೋಟದ ಒಂದು ಸಾಲಿನಲ್ಲಿ ಬಟ್ಟಲುಗಳೆಲ್ಲ ಬೋರಲಾಗಿದ್ದದ್ದು ಕಂಡೆ. ಯಾರೋ ತುಂಟ ಹುಡುಗರ ಕೆಲಸ ಎಂದುಕೊಂಡು ನಾಲ್ಕೈದನ್ನು ಸರಿಯಾಗಿ ಎತ್ತಿಟ್ಟೆ. ದೂರದಿಂದ ಒಬ್ಬ ಮುದುಕಿ ಕೂಗುತ್ತಾ ಬಂದಳು. ನನ್ನನ್ನು ಸರಿಸಿ, ಎತ್ತಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ಮತ್ತೆ ಮಗುಚಿದಳು. ಬೈಗುಳ ತಮಿಳಿನದು. ಅರ್ಥವಾಗದಿದ್ದರೂ ಪೂರ್ತಿ ತಟ್ಟಿತು.

ಮನೆಗೆ ಬಂದು ಹೇಳಿದಾಗ ಗಿರಿಜಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಆ ಮುದುಕಿ ಅಮ್ಮಾಕಣ್ಣು, ಅದು ಅವಳ ಮಗನ ಸಾಲು ಕಣಣ್ಣ! ನಾಳೆ ಅವನು ಸತ್ತ ದಿನ, ಅದಕ್ಕೇ ಆ ಸಾಲಲ್ಲಿ ಹಾಲು ತೆಗೆಯಲ್ಲ. ನೀವೂ ಬನ್ನಿ."

ಬಟ್ಟಲು ಮಗುಚಿದ ಸಾಲು

ಹಿಂದೆ ಆ ದೇಶದಲ್ಲಿ ಕಾಡಿನ ಹೋರಾಟಗಾರರಿಗೂ ಸರ್ಕಾರಕ್ಕೂ ಕಾದಾಟ ನಡೆದಿತ್ತು. ಸಂಜೆಯಾದರೆ ತೋಟಗಳಲ್ಲಿ ಕರ್ಫ್ಯೂ. ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಾರಿಸಿದ ಮೇಲೆ ಹೊರಗಿದ್ದವರಿಗೆ ಕಾವಲಿನವರು ಗುಂಡು ಹಾರಿಸಬಹುದಿತ್ತು. ಒಂದು ಸಂಜೆ ಅಮ್ಮಾಕಣ್ಣುವಿನ ಮಗ ವೇಲು ಆ ಸಾಲಿನಲ್ಲಿ ಮನೆಗೆ ಬರುತ್ತಿದ್ದ. ಅವನಿಗೆ ಗುಂಡು ಬಿತ್ತು. ಜೊತೆಗಿದ್ದ ಚೀನೀ ಹೆಂಗಸಿನ ಕಾಲಿಗೂ ಬಿತ್ತು. ವೇಲು ಅಲ್ಲೇ ಸತ್ತ. ಇಷ್ಟನ್ನು ಗಿರಿಜಮ್ಮ ದಾರಿಯಲ್ಲಿ ಹೇಳಿದರು.

ಪೂಜೆ ಇರುತ್ತದೆ, ಎಡೆ ಇಡುತ್ತಾರೆ ಎಂದುಕೊಂಡಿದ್ದೆ. ಹೂವು ಕೂಡ ಇರಲಿಲ್ಲ. ಜನ ಮಾತಿಲ್ಲದೆ ಬಂದು ಆ ಸಾಲಿನಲ್ಲಿ ಅಲ್ಲಲ್ಲಿ ದೂರ ದೂರ ನಿಂತುಕೊಂಡರು. ಯಾರೋ ಆಟಕ್ಕೆ ನಿಲ್ಲಿಸಿದ ಹಾಗಿತ್ತು.

"ಯಾಕಮ್ಮ ಹಿಂಗೆ ಚದುರಿ ನಿಂತವ್ರೆ?"

"ಆ ಸಂಜೆ ಯಾರ್ಯಾರು ಎಲ್ಲೆಲ್ಲಿದ್ರೋ ಅಲ್ಲಲ್ಲೇ ನಿಲ್ತಾರೆ. ಒಬ್ಬೊಬ್ರಾಗಿ ಹೇಳ್ತಾರೆ, ತಾವು ಕೇಳಿದ್ದು, ತಾವು ಮಾಡಿದ್ದು."

ಅಮ್ಮಾಕಣ್ಣು ಮೊದಲು ಹೇಳಿದಳು. ಒಲೆಯ ಮುಂದಿದ್ದಳಂತೆ. ಸದ್ದು ಕೇಳಿ, ಯಾರ ಮಗನೋ ಪಾಪ ಎಂದುಕೊಂಡಳಂತೆ. ಕುಂಟುತ್ತಾ ಬಂದ ಚೀನೀ ಹೆಂಗಸು, ವೇಲು ತನಗಿಂತ ಒಂದು ಹೆಜ್ಜೆ ಮುಂದಿದ್ದ ಎಂದಷ್ಟೇ ಹೇಳಿದಳು. ಆಮೇಲೆ ಕಪ್ಪು ಟೋಪಿಯ ಒಬ್ಬ ಮಲಾಯಿ ಮನುಷ್ಯ ತಲೆ ತಗ್ಗಿಸಿ ಬಾಯಿ ತೆರೆದ.

ಗಿರಿಜಮ್ಮ ನನ್ನ ಕಿವಿಯ ಹತ್ತಿರ ಹೇಳಿದರು: "ಇವ್ನು ಯೂಸುಫ್. ಆಗ ಕಾವಲಿನೋನು. 'ನಾನು ಹಾರಿಸ್ದೆ' ಅಂತಾವ್ನೆ."

ಕೊಂದವನು ತಾನೇ ನಡೆದುಕೊಂಡು ಬಂದು, ಸತ್ತವನ ತಾಯಿಯ ಎದುರು ನಿಂತು, ನಾನು ಎನ್ನುವುದೇ? ಈಗ ಹೊಡೆದಾಟವಾಗುತ್ತದೆ ಎಂದು ಸಾಹುಕಾರರ ತೋಳು ಹಿಡಿದುಕೊಂಡೆ. ಏನೂ ಆಗಲಿಲ್ಲ. ಒಂದು ಹಕ್ಕಿ ಕೂಗುತ್ತಿತ್ತು, ಅಷ್ಟೇ.

ಮುಗಿಯಿತೆಂದುಕೊಂಡೆ. ಕೊನೆಯಲ್ಲಿ ದೂರ ನಿಂತಿದ್ದ ಮುನಿಯಾಂಡಿ ಎಂಬ ಮುದುಕ ಮಾತಾಡಿದ. ಗಿರಿಜಮ್ಮ ಅವನ ಮಾತನ್ನು ತುಂಡು ತುಂಡಾಗಿ ಕನ್ನಡಕ್ಕೆ ತಂದರು.

"ಕಂಬಿ ಬಾರಿಸೋ ಕೆಲಸ ನಂದು. ಇಸ್ಪೀಟು ಆಡ್ತಿದ್ದೆ. ಒಳ್ಳೆ ಎಲೆ ಬಂದಿತ್ತು. ಇದೊಂದು ಆಟ ಮುಗೀಲಿ, ಆಮೇಲೆ ಬಾರಿಸ್ತೀನಿ ಅಂದ್ಕೊಂಡೆ. ವೇಲು ಕಂಬಿ ಇನ್ನೂ ಆಗಿಲ್ಲ ಅಂತ ಬತ್ತಿದ್ದ. ಯೂಸುಫ್ ಹೊತ್ತಾಯ್ತು ಅಂತ ಹಾರಿಸ್ದ. ವಿಚಾರಣೇಲಿ ನಾನು ಹೊತ್ತಿಗೆ ಸರಿಯಾಗೇ ಬಾರಿಸ್ದೆ ಅಂದೆ."

ಇದೊಂದು ಆಟ. ಇದೊಂದು ಹಂದಿ.

ಈ ಮುದುಕನಿಗೆ ನನ್ನ ವಿಷಯ ಯಾರು ಹೇಳಿದರು ಎಂದೇ ಒಂದು ಕ್ಷಣ ಅನ್ನಿಸಿತು. ಸಮುದ್ರದಾಚೆಯ ಒಬ್ಬ ಅಪರಿಚಿತ, ನನ್ನ ಎದೆಯೊಳಗಿನ ಮಾತನ್ನೇ ತಮಿಳಿನಲ್ಲಿ ಹೇಳುತ್ತಿದ್ದಾನೆ.

ಅಮ್ಮಾಕಣ್ಣು ಮಗುಚಿದ ಒಂದು ಬಟ್ಟಲನ್ನು ಎತ್ತಿ ಸೆರಗಿನಿಂದ ಒರೆಸಿದಳು. ಕೆಟಲಿನಿಂದ ಹಾಲಿಲ್ಲದ ಕಾಫಿ ಬಗ್ಗಿಸಿ ಮೊದಲು ಯೂಸುಫನಿಗೆ ಕೊಟ್ಟಳು, ಆಮೇಲೆ ಮುನಿಯಾಂಡಿಗೆ. ಇಬ್ಬರೂ ನಿಂತೇ ಕುಡಿದರು.

ನಾನು ತಡೆಯಲಾರದೆ ಕೇಳಿದೆ. "ಕ್ಷಮಿಸ್ಬಿಟ್ಟಳಾ? ಕೇಳಮ್ಮ."

ಗಿರಿಜಮ್ಮ ಕೇಳಿದರು. ಅಮ್ಮಾಕಣ್ಣು ನನ್ನನ್ನು ನೋಡಿದಳು, ಬಟ್ಟಲು ಎತ್ತಿಟ್ಟವನು ಇವನೇ ಎಂದು ಗುರುತು ಸಿಕ್ಕಿರಬೇಕು.

"ಅದೆಲ್ಲ ನಂಗೊತ್ತಿಲ್ಲ ಅಂತಾಳೆ. ಮೊದಮೊದಲು ಇವಳೊಬ್ಬಳೇ ಬತ್ತಿದ್ದಳಂತೆ. ನಾನೊಬ್ಬಳೇ ಇದನ್ನ ಹೊರೋಕಾಗಲ್ಲ, ಇದ್ದೋರೆಲ್ಲ ಬಂದು ಹಿಡೀರಿ ಅಂತ ಮನೆಮನೆಗೆ ಹೋಗಿ ಕರೆದಳಂತೆ. ಯೂಸುಫ್ ಬರೋಕೆ ಒಂದು ವರ್ಷ ಹಿಡೀತು. ಮುನಿಯಾಂಡಿ ಬಾಯಿ ಬಿಡೋಕೆ ಇನ್ನೂ ಹೆಚ್ಚು."

ಮುದುಕಿ ಇನ್ನೊಂದು ಮಾತು ಕೇಳಿದಳು. ಗಿರಿಜಮ್ಮ ನಗುತ್ತಾ ನನ್ನತ್ತ ತಿರುಗಿದರು. "ಹೊಸಬರನ್ನೂ ಕೇಳೋದು ಇವಳ ಪದ್ಧತಿ. ನೀನು ಎಲ್ಲಿದ್ದೆ ಅಂತಾಳೆ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಮುನಿಯಾಂಡಿಯೂ ನೋಡಿದ. ಬಾಯಿ ತೆರೆದೆ. ಗುಡ್ಡದ ಮಗ್ಗುಲಲ್ಲಿದ್ದೆ, ನಡುವಿನ ಜಾಗದಲ್ಲಿದ್ದೆ ಎನ್ನಬೇಕಿತ್ತು.

"ಊರಲ್ಲಿದ್ದೆ" ಎಂದೆ.

ಅವಳು ನನಗೂ ಒಂದು ಬಟ್ಟಲು ಕಾಫಿ ಕೊಟ್ಟಳು. ಅರ್ಧ ಕುಡಿದು, ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿದೆ.

ಅವತ್ತು ಸಾಹುಕಾರರು ತಟ್ಟಿದ ರೊಟ್ಟಿಯನ್ನು ಒಂದು ಚೂರು ಮುರಿದು ಹಾಗೇ ಬಿಟ್ಟೆ. "ಏನಪ್ಪಾ ರಂಗ, ಉಪ್ಪು ಜಾಸ್ತಿಯಾಯ್ತಾ?" ಎಂದರು. ಇಲ್ಲವೆಂದೆ. ಅವರು ನನ್ನ ಮುಖದ ಕಡೆಗೇ ಮಂಜುಗಣ್ಣು ನೆಟ್ಟು ಬಹಳ ಹೊತ್ತು ಕೂತಿದ್ದರು.

ಕಡೂರು ಸ್ಟೇಷನ್

ವಾಪಸು ಬರುವಾಗ ಸಮುದ್ರ ಹೇಗಿತ್ತೆಂದು ನನಗೆ ಜ್ಞಾಪಕವಿಲ್ಲ. ಯುಗಾದಿ ಹಡಗಿನಲ್ಲೇ ಕಳೆಯಿತು. ಬೇವಿಲ್ಲದೆ ಬರೀ ಬೆಲ್ಲ ತಿಂದೆವು. ಸಾಹುಕಾರರಿಗೆ ಅದೊಂದು ಕೊರಗು.

ಬೆಂಗಳೂರಿನಿಂದ ಬಂದ ರೈಲು ಕಡೂರಿನಲ್ಲಿ ನಿಂತಾಗ ಕೂಜಾಕ್ಕೆ ನೀರು ತುಂಬಲು ಇಳಿದೆ. ನಲ್ಲಿಯ ಹತ್ತಿರ ನಮ್ಮೂರ ತಿಮ್ಮಣ್ಣ ಸಿಕ್ಕಿದ. ಯಗಟಿಗೆ ಕುರಿ ಕೊಳ್ಳಲು ಹೋಗಿದ್ದನಂತೆ, ಮೈಯೆಲ್ಲ ಕುರಿ ವಾಸನೆ.

"ಓಹೋ, ಮಲಯಾ ದೊರೆ ಬಂದ್ಬಿಟ್ರು! ಏನ್ ತಂದ್ಯೋ ನಮ್ಗೆ?" ಎಂದು ಬೆನ್ನಿಗೆ ಗುದ್ದಿದ. ಊರ ಸುದ್ದಿ ಹೇಳುತ್ತಾ ಹೋದ. ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು. ಆಮೇಲೆ, "ನಿನ್ನ ತಮ್ಮ ಈ ಸಲ ಹೊಸತೊಡಕಿಗೆ ಎಲ್ರನ್ನೂ ಅಳಿಸ್ಬಿಟ್ಟ ಕಣೋ" ಎಂದ.

"ಏನ್ ಮಾಡ್ದ?"

"ಕೆಂಚನಿಗೆ ಏಟು ಬಿದ್ದಾಗಿಂದ ಬೇಟೆ ನಿಂತೋಗೈತಲ್ಲ. ಈ ಸಲ ಎಲ್ರೂ ಅರಳಿಕಟ್ಟೆ ತಾವ ಸುಮ್ನೆ ಕೂತಿದ್ವಿ. ಎದ್ದು ನಿಂತ. ಆ ಸೊಟ್ಟಗೈನೂ ಎತ್ತಿ ಮುಗ್ಯೋಕೆ ನೋಡ್ದ, ಆಗ್ಲಿಲ್ಲ. ಒಂದೇ ಕೈ ಎದೆಗಿಟ್ಕೊಂಡು, ಅವತ್ತು ನಾನು ಕೂ ಹಾಕ್ದೇ ಎದ್ದಿದ್ದು ನನ್ನ ತಪ್ಪು, ನನ್ನಿಂದ ಊರಿನ ಬೇಟೆ ಕೆಟ್ಟೋಯ್ತು, ಹಾಲಪ್ಪಣ್ಣನ ಬಾಳೂ ಕೆಟ್ಟೋಯ್ತು, ಎಲ್ರೂ ಹೊಟ್ಟೇಗಾಕ್ಕಳಿ ಅಂದ. ಗಂಡಸ್ರೆಲ್ಲ ಕಣ್ಣು ಒರೆಸ್ಕಂಡ್ರು."

ಕೂಜಾ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು. ತಿಮ್ಮಣ್ಣನೇ ನಲ್ಲಿ ನಿಲ್ಲಿಸಿದ.

ಕೂ ಹಾಕಿದವನೇ ಹಾಕಲಿಲ್ಲ ಎನ್ನುತ್ತಿದ್ದಾನೆ. ಮೊದಮೊದಲು ಜ್ವರದಲ್ಲಿ, "ಹಾಕಿದ್ದೆ ಕಣಣ್ಣ, ಹಾಕಿದ್ದೆ" ಎನ್ನುತ್ತಿದ್ದ. ನಾನು ಕೇಳಿಸಲಿಲ್ಲ ಎಂದದ್ದರಿಂದ ಸುಮ್ಮನಾದ. ಅವನ ಕೈಯೊಂದೇ ಹೋಗಿದೆ ಎಂದುಕೊಂಡಿದ್ದೆ. ಅವನ ನೆನಪನ್ನೂ ನಾನು ಕಿತ್ತುಕೊಂಡಿದ್ದೆ.

ರೈಲು ಹತ್ತಿ ಸಾಹುಕಾರರಿಗೆ ಹೇಳಿದೆ. "ಸ್ವಾಮಿ, ಬೀರೂರಲ್ಲಿ ನಿಮ್ಮನ್ನ ತರೀಕೆರೆ ರೈಲು ಹತ್ತಿಸ್ತೀನಿ. ನಾನು ಅಜ್ಜಂಪುರಕ್ಕೆ ಹೋಗ್ಬೇಕು."

"ಅಜ್ಜಂಪುರದಾಗೆ ಯಾರವ್ರೆ ನಿಂಗೆ?"

"ಹಾಲಪ್ಪಣ್ಣ."

ಅವರು ಬುತ್ತಿಯಿಂದ ಎರಡು ರೊಟ್ಟಿ ತೆಗೆದು ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಅವನಿಗೂ ಒಂದು ಕೊಡು" ಎಂದರು. ಎಷ್ಟು ತಿಳಿದಿತ್ತೋ ಅವರಿಗೆ, ನಾನು ಕೇಳಲಿಲ್ಲ.

ಅಜ್ಜಂಪುರ

ಹಾಲಪ್ಪಣ್ಣ ಮಂಡಿಯೊಂದರ ಹಿಂದೆ ಕೂತು ದಬ್ಬಳದಿಂದ ಮೂಟೆಯ ಬಾಯಿ ಹೊಲಿಯುತ್ತಿದ್ದ. ಸುತ್ತ ಕಡಲೆಕಾಯಿ ಧೂಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ದಬ್ಬಳ ನಿಲ್ಲಿಸಲಿಲ್ಲ.

"ಏನ್ಲಾ ರಂಗ, ಹಂದಿಗಣ್ಣನ್ನ ನೋಡೋಕೆ ಬಂದ್ಯಾ?"

"ಊರಿಗೆ ಬಾ ಹಾಲಪ್ಪಣ್ಣ."

"ಯಾತಕ್ಕೆ? ಹುಡುಗ್ರಿಗೆ ಹೊಸ ಹೆಸ್ರು ಬೇಕಂತಾ?"

"ಒಂದು ಮಾತು ಹೇಳೋದೈತೆ."

"ಇಲ್ಲೇ ಹೇಳು. ನಂಗೆ ಕಿವಿ ಚೆನ್ನಾಗೈತೆ. ಕಣ್ಣೇ ಸರಿಯಿಲ್ಲ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದ್ದು."

ನಾನು ಮೂಟೆಯ ಪಕ್ಕ ಕುಕ್ಕರಿಸಿದೆ. "ಕೆಂಚ ಕೂ ಹಾಕಿದ್ದ. ನಾನು ನಿಂಗೆ ದಾಟಿಸ್ಲಿಲ್ಲ."

ದಬ್ಬಳ ಗೋಣಿಯಲ್ಲಿ ಅರ್ಧ ಚುಚ್ಚಿ ನಿಂತಿತು. ಅವನು ಅದನ್ನೇ ನೋಡುತ್ತಿದ್ದ. ಒಳಗೆ ಯಾರೋ ತೂಕ ಕೂಗುತ್ತಿದ್ದರು.

"ಕೂ ಇದ್ದಿದ್ರೆ ನಾನು ಹೊಡೀತಿದ್ನೇನೋ?" ಎಂದ, ಬಹಳ ಮೆಲ್ಲಗೆ. "ಎಂಗಾರಾ ಹೊಡೀತಿದ್ನೇನೋ? ಇಷ್ಟು ವರ್ಷ ನಾನು ಮಲಗ್ದಾಗೆಲ್ಲ ಕಿವಿ ಕೆದಕ್ತೀನಿ ಕಣೋ, ಅವತ್ತು ಕೂ ಬಂತಾ, ನಾನೇ ಕೇಳಿಸ್ಕಳ್ಲಿಲ್ವಾ ಅಂತ. ನನ್ನ ಹೆಂಡ್ತಿ ಸಾಯೋವಾಗ್ಲೂ ಕೇಳಿದ್ಳು, ನಿಜ ಹೇಳಿ, ಕೇಳಿಸಿತ್ತಾ ಅಂತ."

ಅವನ ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನು ಎದ್ದು ನನ್ನ ಕೆನ್ನೆಗೆ ಬಾರಿಸಿದ. ಮೂಟೆಗಳ ನಡುವೆ ಬಿದ್ದೆ. ಹಮಾಲಿಗಳು ಓಡಿಬಂದರು. ಎದ್ದು ಕೈ ಮುಗಿಯಲು ಹೋದೆ. ಅವನು ನನ್ನ ಕೈಗಳನ್ನು ಹಿಡಿದು ಕೆಳಗೆ ಒತ್ತಿದ.

"ಇಲ್ಲಿ ಬ್ಯಾಡ. ಕಡಲೆಕಾಯಿ ಮುಂದೆ ಹೇಳಿ ಹಗುರಾಗ್ಬ್ಯಾಡ. ಎಲ್ಲಿ ಬಾಯಿ ಮುಚ್ಚಿದ್ಯೋ ಅಲ್ಲೇ ಬಿಡ್ಬೇಕು. ನಡಿ."

ರೊಟ್ಟಿಯನ್ನು ಅವನು ಬಸ್ಸಿನಲ್ಲಿ ತಿಂದ. ನನ್ನ ಪಕ್ಕ ಕೂರಲಿಲ್ಲ.

ಗುಡ್ಡದ ಮಗ್ಗುಲು

ಹಾಲಪ್ಪಣ್ಣ ಊರಿಗೆ ಬಂದನೆಂಬ ಸುದ್ದಿಗೇ ಜನ ಸೇರಿದರು. ಅವತ್ತು ಬೇಟೆಯಲ್ಲಿದ್ದವರೆಲ್ಲ ಬೆಳಿಗ್ಗೆ ಗುಡ್ಡಕ್ಕೆ ಬನ್ನಿ, ಯಾರ್ಯಾರು ಎಲ್ಲಿದ್ದಿರೋ ಅಲ್ಲಲ್ಲೇ ನಿಲ್ಲಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಮಲಯಾ ನೀರು ಕುಡಿದು ಇವನಿಗೆ ತಲೆ ಕೆಟ್ಟಿದೆ ಎಂದರು. ಆದರೂ ಬಂದರು. ತಮಟೆಯವನು ತಮಟೆಯನ್ನೂ ತಂದಿದ್ದ.

ಜಾಗ ಹುಡುಕಲು ಕಷ್ಟವಾಗಲಿಲ್ಲ. ಬಂಡೆಯಾಚೆ ಹಾಲಪ್ಪಣ್ಣ ಬರಿಗೈಯಲ್ಲಿ ನಿಂತ. ನಾನು ನಡುವಿನ ಪೊದೆಯಲ್ಲಿ ಕೂತೆ. ಎಡಕ್ಕೆ ಕೆಂಚ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ, ಅಣ್ಣ ಕರೆದನೆಂದು ಬಂದಿದ್ದ.

ಪೊದೆಯೊಳಗಿಂದ ಅವರಿಬ್ಬರೂ ನನಗೆ ಕಾಣುತ್ತಿರಲಿಲ್ಲ. ಎದುರಿನ ಹಳ್ಳ ಕಾಣುತ್ತಿತ್ತು. ಹಂದಿ ಬಂದ ಜಾಡು ಹುಲ್ಲು ಬೆಳೆದು ಮುಚ್ಚಿಹೋಗಿತ್ತು.

"ಕೆಂಚಾ," ಎಂದು ಕೂಗಿದೆ. "ಅವತ್ತು ಹಾಕ್ದಂಗೇ ಒಂದು ಕೂ ಹಾಕಪ್ಪ."

ಎಡಗಡೆಯಿಂದ ಅವನ ದನಿ ಬಂತು, ನಾಚಿದ ಮಗುವಿನ ದನಿಯ ಹಾಗೆ.

"ಅವತ್ತು ನಾನು ಹಾಕ್ಲೇ ಇಲ್ವಲ್ಲಣ್ಣ."

ನಾನು ಪೊದೆಯಿಂದ ಎದ್ದು ನಿಂತೆ. ಬಲಕ್ಕೆ ತಿರುಗಿ, ಬಂಡೆಯಾಚೆಗೆ ಮುಟ್ಟುವ ಹಾಗೆ, ಉಸಿರಿದ್ದಷ್ಟೂ ಒಂದು ಕೂ ಹಾಕಿದೆ. ಅದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬಂಡೆಯಾಚೆಯಿಂದ ಹಾಲಪ್ಪಣ್ಣನ ಕೂ ಬಂತು, ಒಡೆದ ದನಿಯದು. ಅದರಾಚೆ ಇನ್ನೊಬ್ಬನದು, ಮತ್ತೊಬ್ಬನದು. ಕೊನೆಯವನವರೆಗೆ ಹೋಯಿತು. ಕೆಂಚ ಪೊದೆಗಳನ್ನು ಸರಿಸಿಕೊಂಡು ನನ್ನೆದುರು ಬಂದು ನಿಂತಿದ್ದ.

"ನೀನು ಹಾಕಿದ್ದೆ ಕಣೋ ಕೆಂಚ," ಎಂದೆ, ಸಾಲಿನಲ್ಲಿದ್ದವರೆಲ್ಲರಿಗೂ ಕೇಳುವ ಹಾಗೆ. "ಗಟ್ಟಿಯಾಗಿ ಹಾಕಿದ್ದೆ. ನಂಗೆ ಕೇಳಿಸಿತ್ತು. ಹಂದಿ ಆಸೆಗೆ ನುಂಗ್ಕಂಡೆ. ಹಾಲಪ್ಪಣ್ಣಾ, ನಿನ್ನ ಕಿವಿ ತಪ್ಪಲ್ಲ, ನಿನ್ನ ತಾವ ಕೂ ಬರ್ಲೇ ಇಲ್ಲ. ಪಂಚಾಯ್ತಿಲಿ ನಾನು ಹೇಳಿದ್ದು ಸುಳ್ಳು. ತಪ್ಪು ನಂದು ಕಣ್ರಪ್ಪಾ, ನಂದೊಬ್ಬಂದೇ. ತಪ್ಪಾಯ್ತು ಹಾಲಪ್ಪಣ್ಣ. ತಪ್ಪಾಯ್ತು ಕೆಂಚ."